ಕವಲಿನಲ್ಲಿ ನಿಂತ ಬಾಗಿಲು

ಆ ಕಿಟಕಿ ಸ್ವಲ್ಪ ಹಾಕಿಬಿಡಿ. ಗಾಳಿಗೆ ಅದು ಬಡಿದರೆ ಹೇಳುವ ನನಗೇ ಎದೆ ಧಸಕ್ ಅನ್ನುತ್ತೆ. ಹಾಂ... ಈಗ ಕೇಳಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ, ನನ್ನ ಚಿಕ್ಕಪ್ಪನ ಮಗಳಿಗೆ ಆದದ್ದು. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವಳ ಕೆಲಸ, ಹಾಗಾಗಿ ಊರಿಗೆಲ್ಲ ಅವಳು ಬೋರ್ಡಕ್ಕ. ಕೋಪ ಮೂಗಿನ ತುದಿಯಲ್ಲೇ ಇರುತ್ತೆ, ಒಪ್ಪಿಕೊಳ್ತೀನಿ. ಆದರೆ ಸುಳ್ಳು ಹೇಳುವವಳಲ್ಲ. ಒಂದು ಅಕ್ಷರ ಓರೆಯಾದರೆ ಇಡೀ ಬೋರ್ಡು ಒರೆಸಿ ಮತ್ತೆ ಮೊದಲಿಂದ ಬರೆಯುವ ಜಾತಿ ಅವಳದು.

ಆ ರಾತ್ರಿ ಒಂದು ಔಷಧಿ ಅಂಗಡಿಯ ಷಟರ್ ಬರೆದು ಮುಗಿಸುವಾಗ ಹನ್ನೊಂದೂ ಮುಕ್ಕಾಲು. ಷಟರ್ ಬರೆಯುವುದು ಅಂಗಡಿ ಮುಚ್ಚಿದ ಮೇಲೆ ತಾನೆ? ಹೆಗಲ ಮೇಲೆ ಏಣಿ, ಕೈಯಲ್ಲಿ ತಂತಿ ಹಿಡಿಕೆಯ ಬಣ್ಣದ ಡಬ್ಬಿಗಳು. ಹೆಜ್ಜೆಗೊಂದು ಸಲ ಟಿಣ್... ಟಿಣ್... ದಾರಿಯಲ್ಲಿ ಟೈರ್ ಅಂಗಡಿ, ಅದರ ಪಕ್ಕ ಚಹಾದ ಅಂಗಡಿ, ಎರಡೂ ಮುಚ್ಚಿದ್ದವು. ಅಲ್ಲಿಂದ ನೂರು ಹೆಜ್ಜೆಗೆ ಕವಲು. ಎಡಕ್ಕೆ ಹೋದರೆ ಮನೆಗಳು, ಅವಳ ಮನೆಯೂ ಅಲ್ಲೇ. ಬಲಕ್ಕೆ ಹೋದರೆ... ಬಾವಿ. ರಸ್ತೆ ಅಲ್ಲಿಗೇ ಮುಗಿಯುತ್ತೆ. ದೊಡ್ಡ ಬಾವಿ, ಮೂರು ಕಡೆ ಕಟ್ಟೆ ಇತ್ತು, ರಸ್ತೆಯ ಕಡೆ ಇರಲಿಲ್ಲ. ಹಿಂದೆ ನೀರಿನ ಟ್ಯಾಂಕರುಗಳು ಹತ್ತಿರ ಬರಲಿ ಅಂತ ಆ ಕಡೆಯ ಕಟ್ಟೆ ಒಡೆದಿದ್ದರು. ಆಮೇಲೆ ಕಟ್ಟುವವರು ಯಾರೂ ಬರಲಿಲ್ಲ.

ಕವಲಿನಲ್ಲಿ ಏಣಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಲು ನಿಂತಳು. ಡಬ್ಬಿಗಳ ಸದ್ದು ನಿಂತಿತು. ಆಗ ಕೇಳಿಸಿತು.

ಟಿಕ್... ಟಕ್... ಟಿಕ್... ಟಕ್...

ಗಡಿಯಾರದ್ದಲ್ಲ. ಗಾಡಿ ತಿರುಗಿಸುವಾಗ ಇಂಡಿಕೇಟರ್ ಹಾಕಿದರೆ ಒಳಗೆ ಕೂತವರಿಗೆ ಕೇಳಿಸುತ್ತಲ್ಲ, ಅದು. ಬಲಗಡೆಯಿಂದ. ಬಾವಿಯ ಒಳಗಿನಿಂದ. ಅಲ್ಲಿ ಗಾಡಿ ಇರಲಿಲ್ಲ. ಬಾವಿಗೆ ಬಿದ್ದಿದ್ದ ಪಾರ್ಸೆಲ್ ವ್ಯಾನನ್ನು ಕ್ರೇನಿನಲ್ಲಿ ಎತ್ತಿ ಮೂರು ದಿನವಾಗಿತ್ತು. ಅದರೊಳಗೆ ಇದ್ದವನನ್ನೂ.

ಸದ್ದು ನಿಂತಿತು. ನೀರಿನಲ್ಲಿ ಗುಳ್ಳೆಯೊಂದು ಒಡೆಯಿತು... ಗ್ಳುಕ್. ಆಮೇಲೆ ಗಂಡಸಿನ ದನಿ. ಮೆಲ್ಲಗೆ, ದಾರಿ ಕೇಳುವವರ ಸಂಕೋಚದಲ್ಲಿ.

"ಅಕ್ಕಾ... ಈ ದಾರಿ ಸರಿ ಇದೆಯಾ?"

ಬೋರ್ಡಕ್ಕ ಓಡಲಿಲ್ಲ. ಓಡಿದಳು ಅಂತ ನಾನು ಹೇಳಿದರೆ ಅವಳು ಇಲ್ಲಿಗೇ ಬಂದು ನನ್ನ ಕಿವಿ ಹಿಂಡುತ್ತಾಳೆ. ಆದರೆ ನಾಲಿಗೆ ಏಳಲಿಲ್ಲ. ಆ ದನಿ ಅವಳಿಗೆ ಗೊತ್ತಿತ್ತು. ಅದೇ ಪ್ರಶ್ನೆಯನ್ನು ಆ ಮನುಷ್ಯ ನಾಲ್ಕು ರಾತ್ರಿ ಹಿಂದೆ, ಬದುಕಿದ್ದಾಗ, ಅವಳನ್ನು ಕೇಳಿದ್ದ. ಅವಳು ಉತ್ತರ ಕೊಟ್ಟಿರಲಿಲ್ಲ.

ಯಾಕೆ ಕೊಡಲಿಲ್ಲ ಅನ್ನುವುದಕ್ಕೆ ಮೊದಲು ಆ ಹಾಳು ಮ್ಯಾಪಿನ ವಿಷಯ ಹೇಳಬೇಕು.

ಫೋನ್ ಕಂಪನಿಯವರು ಹಳೇ ಮ್ಯಾಪ್ ತೆಗೆದು ತಮ್ಮದೇ ಹೊಸದನ್ನು ಹಾಕಿದರು. ನಮ್ಮನ್ನು ಯಾರೂ ಕೇಳಲಿಲ್ಲ. ರಾತ್ರಿ ಮಲಗುವಾಗ ಒಂದಿತ್ತು, ಬೆಳಿಗ್ಗೆ ಏಳುವಾಗ ಇನ್ನೊಂದಿತ್ತು. ನೋಡೋಕೇನೋ ಚೆಂದ. ಆದರೆ ಬಸ್‌ಸ್ಟ್ಯಾಂಡು ಕೆರೆಯೊಳಗೆ ಇತ್ತು, ಹೆರಿಗೆ ಆಸ್ಪತ್ರೆ ಸ್ಮಶಾನದ ಗೇಟಿನಲ್ಲಿತ್ತು. ಮೊದಲ ವಾರ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಟಿಂಗ್ ಅಂಗಡಿಯವನು ಮ್ಯಾಪಿನಲ್ಲಿ ಪೋಸ್ಟಾಫೀಸ್ ಆಗಿಬಿಟ್ಟಿದ್ದ. ಜನ ರಿಜಿಸ್ಟರ್ ಮಾಡಿಸುವ ಕಾಗದ ಹಿಡಿದುಕೊಂಡು ಅವನ ಕನ್ನಡಿ ಮುಂದೆ ಸಾಲು ನಿಲ್ಲುತ್ತಿದ್ದರು. ಅವನು ಬೋರ್ಡಕ್ಕನಿಂದ ಒಂದು ಬೋರ್ಡು ಬರೆಸಿದ: 'ಫೋನಿನ ಪ್ರಕಾರ ಇದು ಪೋಸ್ಟಾಫೀಸು. ನನ್ನ ಪ್ರಕಾರ ಅಲ್ಲ. ಕೂದಲು ಬೆಳೆದವರು ಮಾತ್ರ ಒಳಗೆ ಬನ್ನಿ.' ಅದನ್ನು ನೋಡಿ ಉಳಿದ ಅಂಗಡಿಯವರೂ ಬಂದರು. ಬಾಣದ ಗುರುತು, ಬೈಗುಳ, ಎರಡೂ ಸೇರಿಸಿ ಬರೆಸಿದರು. ಅವಳ ಕೈಗೆ ಬಿಡುವೇ ಇರಲಿಲ್ಲ.

ಎರಡನೇ ವಾರ ನಗು ಕಮ್ಮಿಯಾಯಿತು. ಗ್ಯಾಸ್ ಸಿಲಿಂಡರು ಮನೆಗೆ ಬರಲಿಲ್ಲ. ಆಂಬುಲೆನ್ಸು ಇದ್ದಬದ್ದ ಓಣಿಯನ್ನೆಲ್ಲ ಸುತ್ತಿತು. ಜನ ಕಂಪನಿಗೆ ಬರೆದರು, ಬೈದರು, ಫೋಟೋ ತೆಗೆದು ಕಳಿಸಿದರು. ಎಲ್ಲರಿಗೂ ಒಂದೇ ಉತ್ತರ: 'ನಿಮ್ಮ ಸಲಹೆಗೆ ಧನ್ಯವಾದ.' ನಮ್ಮ ಬಾವಿಯ ರಸ್ತೆ ಇದೆಯಲ್ಲ, ಅದು ಬಾವಿಯನ್ನೂ ದಾಟಿಕೊಂಡು ನೇರ ಹೋಗಿ ಆ ಕಡೆಯ ಹೆದ್ದಾರಿಗೆ ಸೇರುತ್ತೆ ಅಂತ ನೀಲಿ ಗೆರೆ ಎಳೆದಿದ್ದರು. ಟೈರ್ ಅಂಗಡಿಯವನು ಅದನ್ನು ಬರೆದು ತಿಳಿಸಿದ. ಒಂದು ಸಲ ಅಲ್ಲ, ಆರು ಸಲ. ಆರು ಧನ್ಯವಾದ ಬಂದವು.

ಈಗ ಅವನು ದಾರಿ ಕೇಳಿದ ರಾತ್ರಿಗೆ ಬರ್ತೀನಿ. ಬೋರ್ಡಕ್ಕ ಟೈರ್ ಅಂಗಡಿಯ ಮುಂದೆ ಏಣಿ ಹತ್ತಿ, ಅಂಗಡಿಯ ಹೆಸರಿನ ಕೆಳಗೆ ಉದ್ದಕ್ಕೆ ಒಂದು ಕೆಂಪು ಗೆರೆ ಎಳೆಯುತ್ತಿದ್ದಳು. ಬೋರ್ಡು ಬರೆಯುವವರಿಗೆ ಒಂದು ಕಟ್ಟಳೆ ಇದೆ. ಉದ್ದ ಗೆರೆ ಶುರು ಮಾಡಿದರೆ ಮುಗಿಯುವ ತನಕ ಕುಂಚ ಎತ್ತಬಾರದು. ಉಸಿರು ಬಿಡಬಾರದು. ಮಾತಂತೂ ಆಡಲೇಬಾರದು. ಆಡಿದರೆ ಕೈ ನಡುಗಿ ಗೆರೆ ಅಲ್ಲೊಂದು ಗಂಟು ಕಟ್ಟುತ್ತೆ. ಇಪ್ಪತ್ತೆರಡು ವರ್ಷದಲ್ಲಿ ಅವಳು ಒಂದು ಗೆರೆಯನ್ನೂ ನಡುವೆ ಬಿಟ್ಟವಳಲ್ಲ. ಅದು ಅವಳ ಹೆಮ್ಮೆ.

ಏಣಿ ಸ್ವಲ್ಪ ಅಲುಗಾಡುತ್ತಿತ್ತು. ಒಂದು ವ್ಯಾನು ಬಂದು ನಿಂತಿತು. ಡ್ರೈವರ್ ಇಳಿದು ಬಂದ. ಪರ ಊರಿನವನು, ನಲವತ್ತರ ಆಸುಪಾಸು. ಯಾರೂ ಹೇಳದೆ ತಾನೇ ಎಡಗೈ ಚಾಚಿ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಲುಗಾಟ ನಿಂತಿತು. ಬಲಗೈಯಲ್ಲಿದ್ದ ಫೋನನ್ನು ಮೇಲಕ್ಕೆತ್ತಿ ತೋರಿಸಿ, "ಅಕ್ಕಾ, ಈ ದಾರಿ ಸರಿ ಇದೆಯಾ?" ಅಂದ.

ಗೆರೆ ಅರ್ಧದಲ್ಲಿತ್ತು. ಅವಳು ಬಾಯಿ ಬಿಡಲಿಲ್ಲ.

ಅವನು ಕಾದ. ಕೆಲಸದ ನಡುವೆ ತೊಂದರೆ ಕೊಟ್ಟೆ ಅಂದುಕೊಂಡನೋ ಏನೋ, "ಇರಲಿ ಬಿಡಿ" ಅಂದು, ಏಣಿಯನ್ನು ಮೆಲ್ಲಗೆ ಬಿಟ್ಟು ಹೋದ. ಅವಳು ಗೆರೆ ಮುಗಿಸಿ, ಉಸಿರು ಬಿಟ್ಟು, ತಿರುಗುವಷ್ಟರಲ್ಲಿ ವ್ಯಾನಿನ ಹಿಂದಿನ ದೀಪ ಕವಲಿನಲ್ಲಿ ಬಲಕ್ಕೆ ಹೊರಳಿತ್ತು. ಮುಂದೆ ದಾರಿ ಇಲ್ಲ ಅಂತ ಕಂಡರೆ ವಾಪಸ್ ಬರ್ತಾನೆ ಅಂದುಕೊಂಡಳು. ಎರಡನೇ ಗೆರೆ ಶುರು ಮಾಡಿದಳು. ಆ ಗೆರೆಯ ನಡುವೆ ದೂರದಿಂದ ದಡಾರ್ ಅಂತ ಒಂದು ಸದ್ದು ಬಂತು. ಯಾವುದೋ ಲಾರಿಯ ಹಿಂಬಾಗಿಲು ಇರಬೇಕು... ಕೈ ನಡುಗಲಿಲ್ಲ. ಗೆರೆ ಚೆನ್ನಾಗಿಯೇ ಬಂತು. ಇವತ್ತಿಗೂ ಅವಳು ಆ ಅಂಗಡಿಯ ಮುಂದೆ ತಲೆ ಎತ್ತಿ ನಡೆಯುವುದಿಲ್ಲ.

ಕಂಪನಿಯವರು ಒಂದು ಪುಟದ ಹೇಳಿಕೆ ಕೊಟ್ಟರು. ಮ್ಯಾಪ್ ಬರೀ ಸಹಾಯಕ್ಕೆ, ರಸ್ತೆ ನೋಡಿಕೊಂಡು ಓಡಿಸುವುದು ಚಾಲಕನ ಜವಾಬ್ದಾರಿ ಅಂತ. ಕೊನೆಯ ಸಾಲಿನಲ್ಲಿ, ಚಾಲಕ ಕುಡಿದಿರಬಹುದು ಅಂತ. 'ಕುಡಿದಿರಬಹುದು' ಅನ್ನುವುದು ಸಂಜೆಯೊಳಗೆ 'ಕುಡಿದಿದ್ದ' ಆಯಿತು. ರಸ್ತೆ ನೋಡಿಕೊಳ್ಳುವ ಆಫೀಸಿನವರಿಗೂ ಅಷ್ಟೇ ಬೇಕಿತ್ತು, ಕಟ್ಟೆ ಯಾಕೆ ಕಟ್ಟಿಸಲಿಲ್ಲ ಅಂತ ಇನ್ನು ಯಾರೂ ಕೇಳುವ ಹಾಗಿರಲಿಲ್ಲ. ಬಾವಿಯ ಮುಂದೆ ಒಂದು ಹಳದಿ ಪ್ಲಾಸ್ಟಿಕ್ ಟೇಪು ಎಳೆದು ಕೈ ತೊಳೆದುಕೊಂಡರು. ನಿನ್ನೆ ತನಕ ಮ್ಯಾಪಿಗೆ ಬೈಯುತ್ತಿದ್ದ ನಮ್ಮ ಜನವೇ "ಕುಡಿದಿದ್ದನಂತೆ" ಅಂತ ದನಿ ತಗ್ಗಿಸಿ ಹೇಳಿಕೊಂಡು ಮನೆಗೆ ಹೋದರು. ನಾನೂ ಹೇಳಿದೆ. ಮುಚ್ಚುಮರೆ ಯಾಕೆ?

ಬೋರ್ಡಕ್ಕನಿಗೆ ಮೈ ಉರಿಯಿತು. ಕುಡಿದವನು ತಾನು ಬೀಳದಿರಲು ಏಣಿ ಹಿಡಿಯುತ್ತಾನೆ. ಇವನು ಅವಳು ಬೀಳದಿರಲಿ ಅಂತ ಹಿಡಿದಿದ್ದ.

ಬಾವಿಯಿಂದ ಆ ದನಿ ಬಂದ ಮಾರನೇ ಬೆಳಿಗ್ಗೆಯೇ ಒಂದು ತಗಡಿನ ಮೇಲೆ ಬರೆದು ಕವಲಿನಲ್ಲಿ ನೆಟ್ಟಳು. ಮೂರೇ ಸಾಲು.

ಇಲ್ಲಿ ರಸ್ತೆ ಇಲ್ಲ.
ಬಾವಿ ಇದೆ.
ಅವನು ಕುಡಿದಿರಲಿಲ್ಲ.

ಸಂಜೆಯೊಳಗೆ ಆಫೀಸಿನ ಜೀಪು ಬಂದು ತಗಡನ್ನು ಕಿತ್ತುಕೊಂಡು ಹೋಯಿತು. ರಾತ್ರಿ ಅವಳು ಕವಲು ದಾಟುವಾಗ ಮತ್ತೆ... ಟಿಕ್... ಟಕ್... "ಅಕ್ಕಾ... ಈ ದಾರಿ ಸರಿ ಇದೆಯಾ?" ಅವಳು ಬಾಯಿ ತೆರೆದಳು. ದನಿ ಹೊರಡಲಿಲ್ಲ.

ಮರುದಿನ ನೇರ ಆಫೀಸಿಗೆ ಹೋದಳು. ಕಟಿಂಗ್ ಅಂಗಡಿಯವನೂ ಚಹಾದ ಅಂಗಡಿಯ ಮುದುಕನೂ ಜೊತೆಗೆ ಹೋದರು. ಸಾಹೇಬರು ಕಡತದಿಂದ ತಲೆ ಎತ್ತಲಿಲ್ಲ.

"ಅನುಮತಿ ಇಲ್ಲದ ಬೋರ್ಡು ಕಣಮ್ಮ ಅದು."

"ಬಾಯಿ ತೆರೆದ ಬಾವಿಗೆ ಅನುಮತಿ ಇದೆಯಾ ಸಾರ್?"

ಕಟಿಂಗ್ ಅಂಗಡಿಯವನು ಕೆಮ್ಮಿದ ಹಾಗೆ ಮಾಡಿ ನಗು ನುಂಗಿದ. ಸಾಹೇಬರು ಕಡತ ಮುಚ್ಚಿದರು. ದನಿ ಬೆಣ್ಣೆಯಾಯಿತು. "ನೋಡಮ್ಮ, ನಾನೇನು ಕಟುಕ ಅಲ್ಲ. ಮೊದಲೆರಡು ಸಾಲು ಇರ್ಲಿ, ಒಳ್ಳೇದೇ. ಆ ಮೂರನೇದು ಮಾತ್ರ ಅಳಿಸಿಬಿಡು. ಈಗ್ಲೇ ವಾಪಸ್ ಕೊಡ್ತೀನಿ."

"ಮೂರನೇದನ್ನ ಮಾತ್ರ ಸಾರ್ ನಾನು ಕಣ್ಣಾರೆ ಕಂಡಿದ್ದು," ಅಂದಳು ಬೋರ್ಡಕ್ಕ. "ಮಿಕ್ಕಿದ್ದು ಊರಿಗೆಲ್ಲ ಗೊತ್ತು."

ಹೊರಗೆ ಬಂದ ಮೇಲೆ ಚಹಾದ ಅಂಗಡಿಯ ಮುದುಕ ಅವಳ ಪಕ್ಕಕ್ಕೆ ಬಂದ. "ಅಳಿಸಿಬಿಡಮ್ಮ. ಸತ್ತವನಿಗೆ ಇನ್ನೇನಾಗ್ಬೇಕು? ಬೋರ್ಡಾದ್ರೂ ಇದ್ರೆ ಇನ್ನೊಬ್ಬ ಉಳೀತಾನೆ."

ಇಡೀ ದಿನ ಆ ಮಾತು ಕಾಲಿಗೆ ಹೊಕ್ಕ ಮುಳ್ಳಿನ ಹಾಗೆ ಚುಚ್ಚಿತು. ಇನ್ನೊಬ್ಬ ಬಿದ್ದರೆ ಅದೂ ಅವಳ ತಲೆಗೇ. ಅಳಿಸಿದರೆ ಸತ್ತವನ ಮುಖಕ್ಕೆ ಅವಳೇ ಮಸಿ ಬಳಿದ ಹಾಗೆ. ರಾತ್ರಿ ಹತ್ತೂವರೆಗೆ ಕವಲಿಗೆ ಬಂದಳು. ಹಳದಿ ಟೇಪು ಒಂದು ಕಡೆ ಹರಿದು ಗಾಳಿಗೆ ಪರ್... ಪರ್... ಅನ್ನುತ್ತಿತ್ತು. ಬಾವಿಯ ಬಾಯಿ ಪೂರ್ತಿ ತೆರೆದಿತ್ತು. "ಅಕ್ಕಾ..." ಅಂತ ಶುರುವಾಗುವ ಮೊದಲೇ ಏಣಿ, ಡಬ್ಬಿ ಅಲ್ಲೇ ಇಟ್ಟು ಅವಳು ಮನೆಯ ಕಡೆ ತಿರುಗಿದಳು. ಹೆದರಿ ಅಲ್ಲ. ಹಲಗೆ ಹುಡುಕಲು.

ಮನೆಯಲ್ಲಿ ಹಲಗೆ ಎಲ್ಲಿಂದ ಬರಬೇಕು? ಸ್ನಾನದ ಮನೆಯ ಬಾಗಿಲಿನ ತಿರುಪು ಬಿಚ್ಚತೊಡಗಿದಳು. ಸದ್ದಿಗೆ ನಮ್ಮ ಚಿಕ್ಕಮ್ಮ ಎದ್ದು ಬಂದಳು.

"ಏನೇ ಮಾಡ್ತಿದೀಯ?"

"ಬೋರ್ಡಿಗೆ ಹಲಗೆ ಬೇಕಮ್ಮ."

"ನಾನು ಸ್ನಾನ ಮಾಡೋದು ಹೇಗೆ?"

"ಹಳೇ ಬೆಡ್‌ಶೀಟ್ ಕಟ್ಕೋ."

ಚಿಕ್ಕಮ್ಮ ಮಗಳ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು ಕೆಳಗಿನ ಎರಡು ತಿರುಪನ್ನು ತಾನೇ ಬಿಚ್ಚಿದಳು. "ಜೀಪಿನವರು ಇದನ್ನೂ ಹೊತ್ಕೊಂಡು ಹೋದ್ರೆ ಮುಂಬಾಗಿಲು ಬಿಚ್ಚು," ಅಂದಳು.

ಬಾಗಿಲನ್ನು ತಲೆಯ ಮೇಲೆ ಹೊತ್ತು ಬೋರ್ಡಕ್ಕ ಕವಲಿಗೆ ಬಂದಾಗ ಹನ್ನೆರಡು ದಾಟಿತ್ತು. ಬಲಗಡೆಯ ರಸ್ತೆಯ ಬಾಯಿಗೇ ಅಡ್ಡ ನಿಲ್ಲಿಸಿದಳು. ಬುಡಕ್ಕೆ ಎರಡು ಕಲ್ಲು, ಹಿಂದೆ ಆತುಕೊಳ್ಳಲು ಏಣಿ. ಗಾಳಿ ಜೋರಿತ್ತು. ಬಾಗಿಲು ಅಲುಗಾಡಿ ಅದಕ್ಕೆ ಅಂಟಿಕೊಂಡಿದ್ದ ಹಳೇ ಕೀಲು ಕಿರ್... ಕಿರ್... ಅನ್ನುತ್ತಿತ್ತು. ಫೋನಿನ ಟಾರ್ಚ್ ಹಾಕಿ ಡಬ್ಬಿಯ ಮೇಲಿಟ್ಟು ಬರೆಯತೊಡಗಿದಳು. ಇಲ್ಲಿ ರಸ್ತೆ ಇಲ್ಲ. ಬಾವಿ ಇದೆ. ಅವನು ಕುಡಿದಿರಲಿಲ್ಲ. ಬರೆದಾದ ಮೇಲೆ ಮೂರನೇ ಸಾಲನ್ನೇ ನೋಡಿದಳು. ಅದರ ಕೆಳಗೆ ಒಂದು ಉದ್ದದ ಕೆಂಪು ಗೆರೆ ಇರಲಿ, ಸಾಹೇಬರಿಗೆ ದೂರದಿಂದಲೇ ಕಾಣಲಿ ಅನ್ನಿಸಿತು. ಉಸಿರು ಹಿಡಿದು ಶುರು ಮಾಡಿದಳು.

ಬಾಗಿಲು ಅಲುಗಾಡುವುದು ನಿಂತಿತು.

ಗಾಳಿ ನಿಂತಿರಲಿಲ್ಲ. ಅವಳ ಕೂದಲು ಹಾರಿ ಕಣ್ಣಿಗೆ ಬೀಳುತ್ತಿತ್ತು. ಕೀಲು ಮಾತ್ರ ಸುಮ್ಮನಾಯಿತು. ಬಾಗಿಲು ಗೋಡೆಯ ಹಾಗೆ ಗಟ್ಟಿ ನಿಂತಿತು... ಯಾರೋ ಹಿಡಿದುಕೊಂಡ ಹಾಗೆ. ಎಡಗಡೆಯಿಂದ ಪಾಚಿ ವಾಸನೆ. ಮಣ್ಣಿನ ಮೇಲೆ ನೀರು ತೊಟ್ಟಿಕ್ಕುವ ಸದ್ದು. ಟಪ್... ಟಪ್... ಅವಳು ಆ ಕಡೆ ನೋಡಲಿಲ್ಲ. ಕಣ್ಣು ಕುಂಚದ ತುದಿಯಲ್ಲಿತ್ತು.

ಬೆನ್ನಿನ ಹಿಂದಿನಿಂದ ಬೆಳಕು ಬಂತು. ಬಾಗಿಲಿನ ಮೇಲೆ ಅವಳ ನೆರಳು ದೊಡ್ಡದಾಗುತ್ತ ಹೋಯಿತು. ಇಂಜಿನ್ನಿನ ಸದ್ದು ಹತ್ತಿರ, ಇನ್ನೂ ಹತ್ತಿರ. ಕಿವಿಯ ಪಕ್ಕದಲ್ಲೇ, ಪಿಸುಮಾತಿನಲ್ಲಿ:

"ಅಕ್ಕಾ... ಈ ದಾರಿ ಸರಿ ಇದೆಯಾ?"

ಗೆರೆ ಅರ್ಧದಲ್ಲಿತ್ತು.

ಬೋರ್ಡಕ್ಕ ಕುಂಚ ಎತ್ತಿದಳು.

"ಇಲ್ಲ," ಅಂದಳು. "ಸರಿ ಇಲ್ಲ. ಮುಂದೆ ಬಾವಿ ಇದೆ. ಹೋಗ್ಬೇಡಿ ಅಣ್ಣ."

ಹಿಂದೆ ಬ್ರೇಕು ಕಿರುಚಿತು. ಒಂದು ಮಿನಿಬಸ್ಸು ಅವಳ ಬಣ್ಣದ ಡಬ್ಬಿಯಿಂದ ಗೇಣು ದೂರಕ್ಕೆ ಬಂದು ನಿಂತಿತು. ಒಳಗೆ ಹನ್ನೊಂದು ಜನ, ಎಲ್ಲರೂ ನಿದ್ದೆಗಣ್ಣಿನಲ್ಲಿ ಮುಂದಕ್ಕೆ ಮುಗ್ಗರಿಸಿದ್ದರು. ಡ್ರೈವರಿನ ಮುಂದಿದ್ದ ಫೋನು ಬಹಳ ಮರ್ಯಾದೆಯಿಂದ ಹೇಳುತ್ತಿತ್ತು: "ಮುನ್ನೂರು ಮೀಟರ್ ನೇರವಾಗಿ ಹೋಗಿ."

ಡ್ರೈವರ್ ಇಳಿದು ಬಂದು ಬಾಗಿಲಿನ ಮೇಲಿದ್ದುದನ್ನು ಓದಿದ. ಟಾರ್ಚ್ ಹಿಡಿದು ಮುಂದೆ ನಡೆದು ಬಾವಿಯನ್ನು ನೋಡಿ ಬಂದ. ಬಂದವನೇ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತ.

"ಆ ಅಣ್ಣ ಕೈ ಅಡ್ಡ ಹಿಡಿದ್ರು, ಅದಕ್ಕೇ ಬ್ರೇಕ್ ಹಾಕ್ದೆ," ಅಂದ. "ನಿದ್ದೆ ಎಳೀತಿತ್ತು ನಂಗೆ. ನೀವು ಕಂಡಿರ್ಲೇ ಇಲ್ಲ."

"ಯಾವ ಅಣ್ಣ?" ಅಂದಳು ಬೋರ್ಡಕ್ಕ.

"ಇಲ್ಲೇ ಇದ್ರಲ್ಲ... ಒದ್ದೆ ಅಂಗಿ. ಎಡಗೈಲಿ ಬಾಗಿಲು ಹಿಡ್ಕೊಂಡಿದ್ರು."

ಗಾಡಿಯ ಹೊರಗೆ ಅವರಿಬ್ಬರೇ ಇದ್ದರು. ಬಾಗಿಲು ಗಾಳಿಗೆ ಮತ್ತೆ ಅಲುಗಾಡುತ್ತಿತ್ತು. ಕಿರ್... ಕಿರ್...

ಆ ಡ್ರೈವರ್ ಬೆಳಗಾಗುವ ತನಕ ಊರು ಬಿಡಲಿಲ್ಲ. ಚಹಾದ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿದ. ಹನ್ನೊಂದು ಜನವೂ ಇಳಿದು ಹೋಗಿ ಬಾವಿ ಇಣುಕಿ ನೋಡಿ ಬಂದರು. ಅದರಲ್ಲೊಬ್ಬ ಹೆಂಗಸು ಮಗುವನ್ನು ಎದೆಗೆ ಒತ್ತಿಕೊಂಡು ಆ ಮೂರು ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು.

ಹತ್ತು ಗಂಟೆಗೆ ಆಫೀಸಿನ ಜೀಪು ಬಂತು. ಬರುವಷ್ಟರಲ್ಲಿ ಟೈರ್ ಅಂಗಡಿಯವನು ಹಳೇ ಟೈರುಗಳಿಗೆ ಬಿಳಿ ಬಣ್ಣ ಬಳಿದು ರಸ್ತೆಗೆ ಅಡ್ಡ ಜೋಡಿಸಿದ್ದ. ಕಟಿಂಗ್ ಅಂಗಡಿಯವನು ತನ್ನ ತಿರುಗುವ ಕುರ್ಚಿಯನ್ನೇ ಹೊತ್ತು ತಂದು ರಸ್ತೆಯ ನಡುವೆ ಇಟ್ಟಿದ್ದ. "ಬನ್ನಿ ಸಾಹೇಬ್ರೆ, ಇದು ಪೋಸ್ಟಾಫೀಸು. ದೂರು ಇದ್ರೆ ಇಲ್ಲೇ ಬರೆದುಕೊಡಿ. ಧನ್ಯವಾದ ಹೇಳಿ ಕಳಿಸ್ತೀನಿ," ಅಂದ. ಸಾಹೇಬರು ಅವನನ್ನು ಬಿಟ್ಟು ಬಾಗಿಲಿನ ಕಡೆ ನಡೆದರು. ಚಹಾದ ಅಂಗಡಿಯ ಮುದುಕ ಅಡ್ಡ ಬಂದು ನಿಂತ. ಆಮೇಲೆ ಅವನ ಪಕ್ಕ ಒಬ್ಬೊಬ್ಬರೇ. 'ಕುಡಿದಿದ್ದನಂತೆ' ಅಂದವರೇ ಎಲ್ಲ. ನಾನೂ ನಿಂತೆ. ನಾಚಿಕೆಯಾಗುತ್ತಿತ್ತು, ಆದರೂ ನಿಂತೆ.

"ಮೂರನೇ ಸಾಲು..." ಅಂತ ಸಾಹೇಬರು ಶುರು ಮಾಡಿದರು.

"ಇರುತ್ತೆ ಸಾರ್," ಅಂದ ಮುದುಕ. "ಬೇಕಾದ್ರೆ ನಾಲ್ಕನೇದು ಬರೆಸ್ತೀವಿ. ನಿಮ್ಮ ಹೆಸರು ಹಾಕಿ."

ಜೀಪು ಹಿಮ್ಮುಖವಾಗಿಯೇ ಹೋಯಿತು.

ತಿಂಗಳೊಳಗೆ ಬಾವಿಗೆ ಕಟ್ಟೆ ಬಂತು. ಎಲ್ಲಾ ಊರಿನವರೂ ಉಗಿದು ಉಗಿದು ಕೊನೆಗೆ ಕಂಪನಿಯವರು ಆ ಮ್ಯಾಪ್ ವಾಪಸ್ ತೆಗೆದುಕೊಂಡರು, ಕ್ಷಮೆ ಕೇಳಿ ದೊಡ್ಡ ಕಾಗದ ಬರೆದರು. ಆ ಕಾಗದದಲ್ಲಿ ಪಾರ್ಸೆಲ್ ವ್ಯಾನಿನವನ ಮಾತೇ ಇರಲಿಲ್ಲ. ಹಾಗಾಗಿ ಬಾಗಿಲು ಇನ್ನೂ ಅಲ್ಲೇ ಇದೆ. ಕಟ್ಟೆ ಬಂತಲ್ಲ, ಇನ್ನು ಬೋರ್ಡು ಯಾಕೆ ಅಂತ ಯಾರಾದರೂ ಕೇಳಿದರೆ ಬೋರ್ಡಕ್ಕ ಮೂರನೇ ಸಾಲಿಗೆ ಬೆರಳು ತೋರಿಸುತ್ತಾಳೆ. ನಮ್ಮ ಚಿಕ್ಕಮ್ಮ ಇವತ್ತಿಗೂ ಬೆಡ್‌ಶೀಟ್ ಕಟ್ಟಿಕೊಂಡೇ ಸ್ನಾನ ಮಾಡುತ್ತಾಳೆ, ಹೊಸ ಬಾಗಿಲು ಹಾಕಿಸಿಕೊಡ್ತೀನಿ ಅಂದರೆ ನನಗೇ ಬೈಯುತ್ತಾಳೆ.

ಆ ರಾತ್ರಿಯ ಮೇಲೆ ಬಾವಿಯಿಂದ ದನಿ ಬಂದಿಲ್ಲ. ಮೂರನೇ ಸಾಲಿನ ಕೆಳಗಿನ ಗೆರೆ ಅರ್ಧಕ್ಕೇ ನಿಂತಿದೆ. ಅದನ್ನು ಬೋರ್ಡಕ್ಕ ಬೇಕಂತಲೇ ಮುಂದುವರಿಸಿಲ್ಲ. ಉಳಿದ ಬಾಗಿಲಿಗೆ ವರ್ಷಕ್ಕೊಂದು ಸಲ ಬಣ್ಣ ಬಳಿಯುತ್ತಾಳೆ. ಎಲ್ಲಾ ಕಡೆ ಬಣ್ಣ ಹಿಡಿಯುತ್ತೆ, ಎಡಗಡೆಯ ಅಂಚಿನಲ್ಲಿ ಒಂದು ಅಂಗೈ ಅಗಲದ ಜಾಗ ಬಿಟ್ಟು. ಅಲ್ಲಿ ಬಳಿದರೆ ಸಂಜೆಗೆ ಜಾರಿ ಇಳಿದಿರುತ್ತೆ. ಮರ ಒದ್ದೆ. ಬೇಸಿಗೆಯಲ್ಲಿ ಬಾವಿಯ ತಳ ಕಾಣುವಾಗಲೂ ಒದ್ದೆ. ಕತೆ ಕಟ್ಟುತ್ತಿದ್ದೇನೆ ಅಂದುಕೊಳ್ಳಬೇಡಿ, ಕಳೆದ ವಾರ ನಾನೇ ಮುಟ್ಟಿ ಬಂದೆ, ಕೈಯನ್ನು ಅಂಗಿಗೆ ಒರೆಸಿಕೊಳ್ಳಬೇಕಾಯಿತು. ಬೆಳಿಗ್ಗೆ ಹೋಗಿ ನೀವೂ ಮುಟ್ಟಿ ನೋಡಿ. ಎಡಗಡೆಯ ಅಂಚು, ಭುಜದ ಎತ್ತರಕ್ಕೆ.